ಕಳ್ಳಗಾಳಿ

ಚಾವಿ ತಿರುವಿದರ ಪಂಪು ಗುಂಯ್ ಅಂತೈತಿ,
ಎರಡು ಸೆಕೆಂಡು. ಆಮ್ಯಾಲೆ ಸುಮ್ಮನ.
ಸೆಲ್ಫ್ ಒತ್ತಿದರ ಕರ್ ಕರ್ ಕರ್,
ಆದಂಗ ಮಾಡಿ ಚಾಲೂ ಆಗೂದಿಲ್ಲ.
ನಾಕನೇ ಸಲಕ್ಕ ಆತಂದ್ರ
ಅಂಕಿ ಹದಿನೆಂಟುನೂರಕ್ಕ ಏರಿ
ಒಂಬೈನೂರಕ್ಕ ಇಳದು ಮತ್ತ ಏರಿ,
ಹೊಸ್ತಿಲದಾಗ ನಿಂತು
ಒಳಗ ಬರ್ಲೋ ಬ್ಯಾಡೋ ಅನ್ನೋ ಬೀಗರಂಗ.
ಮುಳಗುಂದ ನಾಕಾದಾಗ ಕೆಂಪು ಬಿತ್ತು,
ಸತ್ತು.

ನಂದು ಮೀಟರ್ ಓದೋ ನೌಕರಿ.
ಬೆಟಗೇರಿಯೊಳಗ ಓಣಿಗೊಮ್ಮೆ ಬಂದ್, ಓಣಿಗೊಮ್ಮೆ ಚಾಲೂ.
ಬಾಗಲದಾಗ ನಿಂತು 'ಕರೆಂಟ್ ಬಿಲ್' ಅನಬೇಕು.
'ಕ' ಗಂಟಲಾಗ ಸಿಗತೈತಿ.
ಅದಕ್ಕ ಹಾರ್ನ್ ಒತ್ತತೇನಿ,
ಎರಡು ಸಣ್ಣವು, ಒಂದು ಉದ್ದ.
ಮಗ್ಗದ ಸಪ್ಪಳದಾಗೂ ಹೆಣ್ಮಕ್ಕಳಿಗೆ ಗೊತ್ತಾಗತೈತಿ
ಬಂದಾಂವ ನಾನ ಅಂತ.
ಈಗ ಸೆಲ್ಫ್ ಹೊಡದು ಹೊಡದು ಬ್ಯಾಟರಿ ಇಳದು
ಹಾರ್ನಿಗೂ ಕುರಿಮರಿ ದನಿ.

ಶೋರೂಮಿನಾಗ ಸ್ಕ್ಯಾನರ್ ಹಚ್ಚಿ
ಫಾಲ್ಟ್ ಏನೂ ಇಲ್ಲ ಅಂದ್ರು.
ಪ್ಲಗ್ ಬದಲಿಸಿದೆ. ಥ್ರಾಟಲ್ ಬಾಡಿ ತೊಳಸಿದೆ.
ಬಂಕ್ ಬದಲಿಸು ಅಂದ್ರು, ಬದಲಿಸಿದೆ.
ನಮ್ಮತ್ತಿ ಹ್ಯಾಂಡಲಿಗೆ ನಿಂಬಿಹಣ್ಣು ಕಟ್ಟಿದಳು,
ಅದೂ ಒಣಗಿತು.

ಹಾತಲಗೇರಿ ನಾಕಾ ಹತ್ರ ತಗಡಿನ ಶೆಡ್ಡು.
ಹುಲಗ್ಯಾ ಅನ್ನೋ ಹುಡುಗ, ಕೈಯಾಗ ಪಾನಾ:
'ಏನ್ ತಕರಾರ್ರೀ?'
'ಚ… ಚ… ಚಾ…'
'ಸ್ಟಾರ್ಟಿಂಗ್ ಪ್ರಾಬ್ಲಮ್ಮು ಗಾಡೀದೋ ನಿಮ್ಮದೋ?'
ಹಳೇ ಜೋಕು. ಐದನೇ ಇಯತ್ತೆದಾಗಿಂದ ಕೇಳೇನಿ.
ಅದಕ್ಕ ನಗೂದೂ ರೂಢಿ ಐತಿ ನನಗ.

ದಾವಲಸಾಬ ಕಾಕಾ ನಗಲಿಲ್ಲ.
ಹುಲಗ್ಯಾ ರೇಸ್ ಕೊಡಾಕ ಕೈ ಹಾಕಿದ.
'ಕೈ ತಗಿ.
ರೇಸ್ ಕೊಟ್ರ ಎಂಥಾ ಗಾಡಿಯಾದ್ರೂ ನಿಂದರತೈತಿ.
ಅದರ ಪಾಡಿಗೆ ಬಿಡು. ಏನ ಹೇಳತೈತಿ ಕೇಳು.'

ಮೂರೂ ಮಂದಿ ಕೇಳಿಕೋತ ನಿಂತ್ವಿ.
ಡಬ್ ಡಬ್… ಡಬ್. ಡ… ಡಬ್ ಡಬ್.
ನನ್ನ ಮಾತಿಗೆ ಇಷ್ಟೊತ್ತು ಯಾರೂ ನಿಂತಿದ್ದಿಲ್ಲ.
ಮನ್ಯಾಗ ಎಲ್ಲಾರೂ ಒಳ್ಳೇವರು.
ನಾ 'ಚ' ಅನ್ನೂದರೊಳಗ
ಚಾ, ಚಪಾತಿ, ಚಾವಿ,
ಮೂರೂ ತಂದಿಡತಾರ.

ಕಾಕಾ ಕ್ಲೀನರ್ ಡಬ್ಬಿ ತಗೊಂಡು
ಎಂಜಿನ್ನಿಗೂ ಥ್ರಾಟಲ್ ಬಾಡಿಗೂ ನಡುವಿನ ರಬ್ಬರಿಗೆ
ಫುಸ್ ಅನಿಸಿದ.
ದನಿ ಬದಲಾತು.
ಬಿಚ್ಚಿ, ಬೆರಳಾಗ ಮಡಚಿ ತೋರಿಸಿದ.
ಮಡಚಿದಾಗಷ್ಟ ಬಾಯಿ ಬಿಡೋ ಸೀಳು,
ಉಗುರಿನ ಚೂರಿನಷ್ಟು.
'ಕಳ್ಳಗಾಳಿ.
ಮುಂದಿನ ಬಾಗಲದಾಗ ಬಂದ ಗಾಳಿಗೆ ಲೆಕ್ಕ ಐತಿ,
ಅದಕ್ಕ ತಕ್ಕಂಗ ಪೆಟ್ರೋಲ್ ಬಿಡತೈತಿ.
ಇದು ಹಿತ್ತಲದಾಗಿಂದ ಹೊಕ್ಕಿದ್ದು.
ಸ್ಕ್ಯಾನರ್ ಸುಳ್ಳ ಹೇಳಿಲ್ಲ ಮತ್ತ.
ಅದಕ್ಕ ಗೊತ್ತ ಇಲ್ಲ.'

ಇದು ನನಗ ಗೊತ್ತಿದ್ದ ಪಾಠ.
ಕಂಬಕ್ಕ ಹುಕ್ ಹಾಕಿದ ಮನಿ ಮೀಟರು
ಎಷ್ಟ ಸಂಭಾವಿತ ಇರತೈತಿ,
ತಿಂಗಳಾ ಓದತೇನಿ.

ಕಪ್ಪತಗುಡ್ಡದ ಮ್ಯಾಲೆ ಬಿಳೇ ಪಂಕಾ ತಿರಗತಾವ.
ಊರ ತುಂಬ ಗಾಳಿ. ಅದರೊಳಗ
ಒಂದ ಗುಟುಕು ಹೆಚ್ಚಾಗಿ
ನನ್ನ ಗಾಡಿ ಉಗ್ಗತಿತ್ತು.

ರಬ್ಬರಿಗೆ ಮುನ್ನೂರಾ ನಲವತ್ತು, ಕೈಗೂಲಿ ನೂರು.
ಕಾಕಾ ಪಾವತಿ ಬರಿಯಾಕ ಕುಂತ.
'ಹೆಸರು?'
'ಕೊ… ಕೊ…'
'ಕೊಟ್ರಪ್ಪ? ಕೊಟ್ರಯ್ಯ?' ಹುಲಗ್ಯಾ ರೇಸ್ ಕೊಟ್ಟ.
ಕಾಕಾ ಅವನ ಕಡೆ ಒಮ್ಮೆ ನೋಡಿದ, ಅಷ್ಟ.
ಪೆನ್ನಿನ ತುದಿ ಹಾಳಿ ಮ್ಯಾಲೆ ಊರೇ ಇತ್ತು,
ನೀಲಿ ಚುಕ್ಕಿ ದೊಡ್ಡದಾಕ್ಕೋತ ಹೊಂಟಿತ್ತು.
'…ಟ್ರೇಶ.'
ಆ ಚುಕ್ಕಿಯಿಂದನ ಬರಿಯಾಕ ಹತ್ತಿದ.

ವಾಪಸ್ ಬರೂವಾಗ ಮುಳಗುಂದ ನಾಕಾದಾಗ ಕೆಂಪು.
ಗಾಡಿ ನಿಂತಲ್ಲೇ ಗುನುಗತಿತ್ತು.
ಹಿಂದಿನಾಂವ ಹಾರ್ನ್ ಹೊಡದ, ಬೈದ.
ಯಾವಾಗೋ ಹಸಿರಾಗಿತ್ತಂತ.
ನಾ ಕೇಳಿಕೋತ ಕುಂತಿದ್ದೆ.